ನಿನ್ನ ಅಮ್ಮನ ಕೆಂಪು

ಗಾರ್ಡನ್ ಗ್ರೋವ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ 14, 2019. ಸೋಮವಾರ, ಅಂಗಡಿಗೆ ರಜೆ.

ಪ್ರೀತಿಯ ದಿಯೆಪ್,

ಮುಚ್ಚಳ ತೆರೆಯದೆ, ಬರೀ ಗಾಜಿಗೆ ಮೂಗು ತಾಗಿಸಿ, ಒಂದು ಉಗುರುಬಣ್ಣದ ಬಾಟಲಿಯ ವಯಸ್ಸು ಇಷ್ಟು ವರ್ಷ ಇಷ್ಟು ತಿಂಗಳು ಎಂದು ಹೇಳಬಲ್ಲ ಮನುಷ್ಯ ಇಡೀ ಅಮೆರಿಕದಲ್ಲಿ ಒಬ್ಬನೇ ಇದ್ದಾನೆ. ಅವನೇ ನಿನಗೆ ಈ ಕಾಗದ ಬರೆಯುತ್ತಿರುವುದು. ಹೋದ ವರ್ಷ ತಪಾಸಣೆಗೆ ಬಂದ ಸರ್ಕಾರದ ಇನ್ಸ್‌ಪೆಕ್ಟರ್ ತನ್ನ ಪುಸ್ತಕ ಮಡಚಿಟ್ಟು, ‘ಟೋನಿ ಸಾರ್, ನಿಮ್ಮ ಮುಂದೆ ನಾವೆಲ್ಲ ಏನು?’ ಎಂದು ಕೈಕಟ್ಟಿ ನಿಂತುಬಿಟ್ಟಿದ್ದ. ಪೊಟ್ಟಣ ಒಯ್ಯಲು ಬಂದು ಪಕ್ಕದಲ್ಲಿ ಕೂತಿರುವ, ನಮ್ಮ ಉಗುರುಬಣ್ಣ ಹಚ್ಚುವ ಅಂಗಡಿಯ ಬಿಕ್ ಇಣುಕಿ ಓದಿ, ‘ಅವ್ನು ದಂಡ ಹಾಕಿ ಹೋಗಿದ್ದನ್ನೂ ಬರೀರಿ ಅಣ್ಣಾ’ ಎನ್ನುತ್ತಿದ್ದಾಳೆ. ಅವಳ ಮಾತು ಬಿಡು. ದೊಡ್ಡವರ ನಡುವೆ ನೂರು ನಡೆಯುತ್ತದೆ.

ನೀನು ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಸಿಯಾಟಲ್‌ನ ಥಂಡಿಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲ ತಾನೇ? ನಿನ್ನ ಮದುಮಗ ಎಲಿಯಟ್ ಅನ್ನಕ್ಕೆ ಅಕ್ಕಿ ತೊಳೆಯುವುದನ್ನು ಕಲಿತನೇ, ಅಥವಾ ಇನ್ನೂ ಹಾಗೇ ಪಾತ್ರೆಗೆ ಸುರಿಯುತ್ತಾನೆಯೇ? ನೀನು ನನ್ನನ್ನು ‘ಐದನೇ ಮಾವ’ ಎನ್ನುವುದನ್ನು ಕೇಳಿ, ಉಳಿದ ನಾಲ್ಕು ಮಾವಂದಿರು ಎಲ್ಲಿದ್ದಾರೆ ಎಂದು ಅವನು ಕೇಳಿದನಂತೆ. ಪಾಪ, ಹೇಳು ಅವನಿಗೆ. ನಮ್ಮ ಹುಟ್ಟೂರು ಬೆನ್ ತ್ರೆ ಕಡೆ ಹಿರಿಯ ಮಗುವನ್ನು ‘ಎರಡನೆಯದು’ ಎಂದೇ ಕರೆಯುವುದು; ಚೊಚ್ಚಲು ಯಾವುದೆಂದು ದೆವ್ವಕ್ಕೆ ಗೊತ್ತಾಗಬಾರದಲ್ಲ. ನಿನ್ನ ಅಮ್ಮ ಎರಡನೆಯವಳು, ನಾನು ಕಡೆಯವನು, ಐದನೆಯವನು. ನಡುವಿನ ಇಬ್ಬರು ಹೊಳೆದಂಡೆಯ ತೆಂಗಿನ ತೋಟ ಬಿಟ್ಟು ಬರಲಿಲ್ಲ.

ಫೋನು ಇರುವಾಗ ಮಾವ ಕಾಗದ ಏಕೆ ಬರೆದ ಎಂದು ನೀನು ಹುಬ್ಬು ಏರಿಸುತ್ತೀಯ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವನು ನಾನು, ಆದರೆ ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಅಕ್ಷರ ಇನ್ನೂ ದುಂಡಗಿದೆ, ನೋಡಿಕೋ. ಅದೂ ಅಲ್ಲದೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಅದರ ಪಾಡಿಗೆ ಅದು ಓಡುತ್ತದೆ. ಕೈ ಸ್ವಲ್ಪ ನಿಧಾನ.

ನೀನು ಕೇಳಿದ್ದು ಒಂದೇ ಪ್ರಶ್ನೆ. ನವೆಂಬರ್ ಒಂಬತ್ತಕ್ಕೆ ಮದುವೆ, ಅವತ್ತು ನನ್ನ ಕೈಗೆ ಅಮ್ಮ ಕಲಸಿಟ್ಟ ಕೆಂಪೇ ಬೇಕು, ಬೇರೆ ಯಾವುದೂ ಬೇಡ. ಆದರೆ ಅದು ಹಳೆಯದಾಯಿತಲ್ಲ ಮಾವ, ಇನ್ನೂ ಹಚ್ಚಬಹುದೇ, ಏನೂ ಆಗುವುದಿಲ್ಲವೇ ಎಂದೆ. ಒಂಬತ್ತು ಬಾಟಲಿಯೂ ಇವೆ ತಾನೇ ಎಂದು ಕೇಳಿದೆ. ಒಂದು ಒಣಗಿಹೋಗಿದೆ ಎಂದು ನಾನು ಹೇಳಿದೆ. ಉಳಿದದ್ದನ್ನೆಲ್ಲ ಪರೀಕ್ಷೆ ಮಾಡಿ ಕಳಿಸಿ ಎಂದು ನೀನು ಹೇಳಿದೆ. ಅಂಚೆಯವರು ಬಣ್ಣದ ಬಾಟಲಿ ಮುಟ್ಟುವುದಿಲ್ಲ, ಹೊತ್ತಿ ಉರಿಯುವ ಸಾಮಾನಂತೆ. ಬಿಕ್ ತನ್ನ ಮಗನನ್ನು ನೋಡಲು ಕಾರಿನಲ್ಲಿ ನಿಮ್ಮೂರಿಗೇ ಬರುತ್ತಿರುವುದರಿಂದ ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಈಗ ಪರೀಕ್ಷೆಯ ವಿಷಯ ಕೇಳು. ಇದನ್ನು ದುಡ್ಡು ಕೊಟ್ಟರೂ ನಾನು ಇನ್ನೊಬ್ಬರಿಗೆ ಹೇಳಿಕೊಟ್ಟಿಲ್ಲ. ಹಳೆಯ ಬಾಟಲಿ ಎರಡು ಪದರವಾಗಿ ನಿಂತಿದ್ದರೆ ಜನ ಹೆದರುತ್ತಾರೆ. ಮೇಲೆ ತಿಳಿನೀರು, ಕೆಳಗೆ ಬಣ್ಣ. ಅದಕ್ಕೆ ಹೆದರಬೇಕಿಲ್ಲ. ಎರಡು ಅಂಗೈ ನಡುವೆ ಇಟ್ಟು ಕಡ್ಡಿ ಹೊಸೆದ ಹಾಗೆ ಹೊಸೆಯಬೇಕು. ಕುಲುಕಬಾರದು, ಕುಲುಕಿದರೆ ಗುಳ್ಳೆ ಏಳುತ್ತದೆ, ಆಮೇಲೆ ಉಗುರಿನ ಮೇಲೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಹೊಸೆದಾಗ ಒಂದಾದರೆ ಬಣ್ಣಕ್ಕೆ ಜೀವ ಇದೆ ಎಂದರ್ಥ. ಎಷ್ಟು ಹೊಸೆದರೂ ತಳದಲ್ಲಿ ಹೆಪ್ಪು ಹಾಗೇ ಕೂತಿದ್ದರೆ ಆ ಬಾಟಲಿಗೆ ಕೈ ಮುಗಿದು ಎತ್ತಿಟ್ಟುಬಿಡು. ಆಮೇಲೆ ಬ್ರಶ್ ಎತ್ತಿ ನೋಡಬೇಕು. ಹನಿ ದುಂಡಗೆ ಇಳಿದು ಬಿದ್ದರೆ ಸರಿ. ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಜೋತುಬಿದ್ದರೆ ಮುದಿಯಾಗಿದೆ. ಎರಡು ಹನಿ ಥಿನ್ನರ್ ಬಿಟ್ಟು ಒಂದು ಗಂಟೆ ಕಾದು ನೋಡಬಹುದು, ಅದಕ್ಕೂ ಬಗ್ಗದಿದ್ದರೆ ಬಿಡಬೇಕು. ವಾಸನೆಯೂ ಮುಖ್ಯ. ಬಣ್ಣಕ್ಕೆ ಅದರದೇ ಒಂದು ಘಾಟು ಇರುತ್ತದೆ, ಅದು ಇರಲಿ. ಆದರೆ ಮೊದಲಿಲ್ಲದ ಹುಳಿ ವಾಸನೆಯೋ ಕಮಟು ವಾಸನೆಯೋ ಬಂದರೆ ಹಚ್ಚಬಾರದು. ಉಗುರುಸುತ್ತು ಆದವರ, ಉಗುರಿಗೆ ಬೂಷ್ಟು ಹಿಡಿದವರ ಬೆರಳು ಮುಟ್ಟಿದ ಬ್ರಶ್ಶು ಅದೇ ಬಾಟಲಿಗೆ ಹೋಗಿದ್ದರೆ ಬಣ್ಣ ಹೊಸದಾಗಿದ್ದರೂ ಹಚ್ಚಬಾರದು. ಇಷ್ಟೆಲ್ಲ ದಾಟಿದರೂ ಮೊದಲು ಒಂದು ಪ್ಲಾಸ್ಟಿಕ್ ಉಗುರಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಬೇಕು. ಅಂಟಿದರೆ ಇಲ್ಲ.

ಇನ್ನೊಂದು ಪರೀಕ್ಷೆ ಇದೆ, ಅದನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಬಾಟಲಿಯ ಹಿಂದಿನ ಚೀಟಿ ಓದುವುದು. ಅದನ್ನು ನಮಗೆಲ್ಲ ಹೇಳಿಕೊಟ್ಟವಳು ನೀನು. ನಾವು ಕಲಿಯಲಿಲ್ಲ.

ಆ ಶನಿವಾರ ನನಗೆ ಇವತ್ತಿಗೂ ನೆನಪಿದೆ ದಿಯೆಪ್. ಎರಡು ಸಾವಿರದ ಏಳು. ಆರು ಕುರ್ಚಿಯೂ ಭರ್ತಿ. ನೀನು ಕಾಲೇಜಿನಿಂದ ನೇರವಾಗಿ ಬಂದೆ, ಕೈಯಲ್ಲಿ ಒಂದು ಹಾಳೆ, ಅದರ ಮೇಲೆ ಮೂರು ವಿಷದ ಹೆಸರು. ಕಸದ ಚೀಲ ಬಿಚ್ಚಿ ಗೋಡೆಯ ಹಲಗೆಯ ಮೇಲಿದ್ದ ಬಾಟಲಿಗಳನ್ನು ಒಂದೊಂದಾಗಿ ಓದಿ ಒಳಗೆ ಹಾಕತೊಡಗಿದೆ. ನಿನ್ನ ಅಮ್ಮ ಗಿರಾಕಿಯ ಕೈ ಬಿಟ್ಟು ಎದ್ದು, ‘ಅದು ನಿನ್ನ ಕಾಲೇಜು ಫೀಸು ಕಣೇ, ಚೀಲಕ್ಕೆ ತುಂಬ್ತಿದೀಯಲ್ಲ’ ಎಂದಳು. ನೀನು ತಿರುಗಿಯೂ ನೋಡದೆ, ‘ಇದು ನಿನ್ನ ಎದೆ ಒಳಗಿನ ಕೆಮ್ಮು ಅಮ್ಮಾ’ ಎಂದೆ. ಒಂದೇ ಕೈಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಅಮ್ಮನ ಗಿರಾಕಿ, ಆ ದಪ್ಪ ಹೆಂಗಸು, ‘ಅಲ್ಲ, ನನ್ನ ಇನ್ನೊಂದು ಕೈ?’ ಎಂದಳು. ನಾನು ನಕ್ಕೆ. ಗಟ್ಟಿಯಾಗಿ ನಕ್ಕು, ‘ನಾಲ್ಕಕ್ಷರ ಕಲಿತ ಕೋಳಿ ತಾಯಿಗೇ ಕೆದಕೋದು ಹೇಳಿಕೊಡ್ತಂತೆ’ ಎಂದೆ. ನಾನು ನಗದೇ ಇದ್ದಿದ್ದರೆ ನಿನ್ನ ಅಮ್ಮ ಹಟಕ್ಕೆ ಬೀಳುತ್ತಿರಲಿಲ್ಲವೇನೋ. ಎಲ್ಲರ ಎದುರು ಮುಖ ಕೆಂಪಾಗಿ, ‘ಹೊರಗೆ ಹೋಗು. ಈ ಅಂಗಡಿಯ ಅನ್ನ ವಿಷ ಅನ್ನಿಸಿದರೆ ಉಣ್ಣಬೇಡ’ ಎಂದುಬಿಟ್ಟಳು. ನೀನು ಹೊರಟುಹೋದೆ. ಬಾಗಿಲ ಗಂಟೆ ಎರಡು ಸಲ ಕಿಣಿಗುಟ್ಟಿತು. ಒಬ್ಬಳ ಹಟಕ್ಕೆ ಇನ್ನೊಬ್ಬಳು ಕಡಿಮೆಯಿಲ್ಲ. ನೀನು ಬರಲಿಲ್ಲ, ಅವಳು ಕರೆಯಲಿಲ್ಲ.

ಆದರೆ ನೀನು ನೋಡದೇ ಇದ್ದದ್ದನ್ನು ಹೇಳುತ್ತೇನೆ. ಅವಳ ಸಮಾಧಿಯ ಮುಂದೆ ಹೇಳಬೇಕೆಂದುಕೊಂಡೆ, ಹೂವು ಸರಿಮಾಡುತ್ತಾ ನಿಂತುಬಿಟ್ಟೆ. ನೀನು ಬಿಟ್ಟುಹೋದ ಹಾಳೆಯನ್ನು ಅವಳು ನಗದುಪೆಟ್ಟಿಗೆಯ ಹಿಂದೆ ಅಂಟಿಸಿಕೊಂಡಳು. ಇಂಗ್ಲಿಷು ಅವಳಿಗೆ ‘ಕೂತ್ಕೊಳ್ಳಿ’, ‘ಯಾವ ಬಣ್ಣ’, ‘ಬಿಸಿ ಆಯ್ತಾ’ ಇಷ್ಟೇ. ಸಾಮಾನಿನ ಅಂಗಡಿಗೆ ಹೋಗಿ, ಭೂತಗನ್ನಡಿ ಹಿಡಿದು, ಒಂದು ಕೈಯಲ್ಲಿ ನಿನ್ನ ಹಾಳೆ, ಇನ್ನೊಂದರಲ್ಲಿ ಬಾಟಲಿ, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತಾ ನಿಲ್ಲುತ್ತಿದ್ದಳು. ಅಂಗಡಿಯವನು ಬೇಸತ್ತು, ‘ಅಕ್ಕಾ, ಇದು ಅಂಗಡಿ, ಲೈಬ್ರರಿ ಅಲ್ಲ’ ಎಂದರೆ, ‘ನನ್ನ ಮಗಳು ಪರೀಕ್ಷೆ ಮಾಡ್ತಾಳಪ್ಪ, ನಾನು ಫೇಲಾಗಬಾರದು’ ಎನ್ನುತ್ತಿದ್ದಳು. ಒಂದೇ ವರ್ಷದಲ್ಲಿ ನೀನು ಚೀಲಕ್ಕೆ ಹಾಕದೆ ಬಿಟ್ಟಿದ್ದ ಹಳೆಯ ಬಾಟಲಿಗಳನ್ನೆಲ್ಲ ತಾನೇ ಕಟ್ಟಿಕೊಂಡು ಹೋಗಿ ನಗರಸಭೆಯ ವಿಷದ ಸಾಮಾನು ತೆಗೆದುಕೊಳ್ಳುವ ಕಡೆ ಒಪ್ಪಿಸಿ ಬಂದಳು. ಚರಂಡಿಗೆ ಚೆಲ್ಲಬಾರದು ಎಂದು ನಿನ್ನ ಹಾಳೆಯ ತಳದಲ್ಲಿ ಬರೆದಿತ್ತಲ್ಲ, ಅದಕ್ಕೆ. ಆ ಕೆಮ್ಮು ಮಾತ್ರ ಹೋಗಲಿಲ್ಲ. ಬಣ್ಣದಿಂದಲೇ ಬಂದದ್ದು ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಪ್ರತಿ ವರ್ಷ ಹೊಸವರ್ಷದ ಹಬ್ಬಕ್ಕೆ ಎರಡು ದಿನ ಮುಂಚೆ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಅವಳು ಒಂದು ಹೊಸ ಬಾಟಲಿಯಲ್ಲಿ ಆ ಕೆಂಪು ಕಲಸುತ್ತಿದ್ದಳು. ಎರಡು ಬಗೆಯ ಕೆಂಪು, ಒಂದು ಚೂರು ಕಿತ್ತಳೆ, ಬ್ರಶ್ಶಿನ ತುದಿಯಷ್ಟು ಕಂದು. ಮದುವೆಯ ಕೆಂಪನ್ನಕ್ಕೆ ಹಾಕುವ ಗಾಕ್ ಹಣ್ಣಿನ ತಿರುಳು ಇರುತ್ತದಲ್ಲ, ಥೇಟು ಅದು. ಬಣ್ಣ ಚೆನ್ನಾಗಿ ಬೆರೆಯಲೆಂದು ಒಳಗೆ ಎರಡು ಉಕ್ಕಿನ ಗುಂಡು ಬಿಟ್ಟು, ಮುಚ್ಚಳ ತಿರುಗಿಸಿ, ತಳಕ್ಕೆ ಪಟ್ಟಿ ಅಂಟಿಸಿ ವರ್ಷ ಬರೆಯುತ್ತಿದ್ದಳು. ನಾನು, ‘ಯಾರಿಗೆ ಇದು? ಗಿರಾಕಿಗೆ ಹಚ್ಚಿದರೆ ನಾಲ್ಕು ಕಾಸಾದರೂ ಬರುತ್ತೆ’ ಎಂದು ಛೇಡಿಸಿದರೆ, ‘ನಿನ್ನ ಬಾಯಿಗೆ ಹಚ್ತೀನಿ ಬಾ, ಒಣಗೋತನಕ ಸುಮ್ಮನಿರ್ತೀಯ’ ಎನ್ನುತ್ತಿದ್ದಳು. ಅವಳು ಕಾಯುತ್ತಿದ್ದದ್ದು ನೀನು ಬಂದು ಚೀಟಿ ಓದಿ, ‘ಪರವಾಗಿಲ್ಲ ಅಮ್ಮಾ, ಇದು ಹಚ್ಚಬಹುದು’ ಎನ್ನಲಿ ಎಂದು. ಎಂಟರಿಂದ ಹದಿನಾರರವರೆಗೆ, ಒಂಬತ್ತು ಹಬ್ಬ, ಒಂಬತ್ತು ಬಾಟಲಿ. ಹದಿನಾರರ ಜೂನ್‌ನಲ್ಲಿ ಹೋಗಿಬಿಟ್ಟಳು.

ಮಣ್ಣು ಮಾಡಿದ ಮರುದಿನ ನಾನೇ ನಿನಗೆ ಆ ಡ್ರಾಯರ್ ಎಳೆದು ತೋರಿಸಿದ್ದು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ನೀನು ನಿಂತಿದ್ದೆ. ಸಾಲಾಗಿ ನಿಂತ ಒಂಬತ್ತು ಬಾಟಲಿ ನೋಡಿ ಒಂದನ್ನೂ ಮುಟ್ಟಲಿಲ್ಲ. ‘ಇರಲಿ ಮಾವ, ನೀವೇ ನೋಡ್ಕೊಳ್ಳಿ. ಬೇಕಾದಾಗ ಕೇಳ್ತೀನಿ’ ಎಂದು ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದೆ. ಅಳುತ್ತೀಯೇನೋ ಎಂದು ಕಾದೆ, ನೀನು ಅಳಲಿಲ್ಲ. ‘ನನ್ನ ಕಣ್ಣಿನ ಹಾಗೆ ನೋಡ್ಕೋತೀನಿ’ ಎಂದು ನಾನು ಎದೆ ತಟ್ಟಿಕೊಂಡೆ. ಅವತ್ತು ಹಾಗೆ ಹೇಳಿದ್ದು ಬಡಾಯಿ ಅಲ್ಲ ಮಗಳೇ, ನಂಬು.

ಹಾಗಾದರೆ ಅಮ್ಮನ ಬಾಟಲಿಗಳು ಈ ಪರೀಕ್ಷೆಗಳಲ್ಲಿ ಏನಾದವು ಎಂದು ನೀನು ಕೇಳುತ್ತೀಯ. ಅದಕ್ಕೆ ಮೊದಲು ಇನ್ನೊಂದು ವಿಷಯ ಹೇಳಬೇಕು, ಅದು ಇದಕ್ಕಿಂತ ದೊಡ್ಡದು. ಹೋದ ವಾರ ಬಾಟಲಿ ತೆಗೆಯಲು ಡ್ರಾಯರನ್ನು ಪೂರ್ತಿ ಹೊರಗೆಳೆದೆ. ಹಿಂದುಗಡೆ ಒಂದು ತಂತಿಯ ಬಳೆ ಸಿಕ್ಕಿತು, ಗಿರಾಕಿಗಳಿಗೆ ಬಣ್ಣ ತೋರಿಸಲು ಪ್ಲಾಸ್ಟಿಕ್ ಉಗುರು ಪೋಣಿಸಿಡುತ್ತೇವಲ್ಲ, ಆ ಬಳೆ. ಅದರಲ್ಲಿ ಒಂಬತ್ತು ಉಗುರು, ಒಂಬತ್ತಕ್ಕೂ ಅದೇ ಕೆಂಪು, ಒಳಮೈಯಲ್ಲಿ ಪೆನ್ನಿನಿಂದ ವರ್ಷ. ಪ್ರತಿ ಸಲ ಕಲಸಿದ ಮೇಲೆ ಒಂದು ಮಾದರಿ ಹಚ್ಚಿ ನೋಡಿದ್ದಾಳೆ, ಅಷ್ಟೇ ಎಂದುಕೊಂಡೆ. ಆಮೇಲೆ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮಾದರಿಗೆ ಯಾರಾದರೂ ಒಂದೇ ಅಳತೆಯ ಉಗುರು ಬಳಸುತ್ತಾರೆ. ಇವು ಒಂದೇ ಅಳತೆಯವಲ್ಲ. ಎರಡು ಸಾವಿರದ ಎಂಟರದ್ದು ಅಗಲ, ಹೆಬ್ಬೆರಳಿನದು. ಒಂಬತ್ತರದ್ದು ತೋರುಬೆರಳಿನದು. ಹನ್ನೆರಡರದ್ದು ಕಿರುಬೆರಳಿನದು. ಹದಿಮೂರರದ್ದು ಮತ್ತೆ ಅಗಲ, ಎಡಗೈಯ ಹೆಬ್ಬೆರಳು. ಒಂಬತ್ತರದ್ದನ್ನು ಒಂದು ಪಕ್ಕದಲ್ಲಿ ಮಾತ್ರ ಅರದಿಂದ ಉಜ್ಜಿ ಸಣ್ಣ ಮಾಡಿದ್ದಾಳೆ. ಏಳು ವರ್ಷದವಳಿದ್ದಾಗ ವ್ಯಾನಿನ ಬಾಗಿಲಿಗೆ ಸಿಕ್ಕಿ ನಿನ್ನ ಬಲಗೈ ತೋರುಬೆರಳು ಸೊಟ್ಟಗಾಯಿತಲ್ಲ, ಅದರ ಅಳತೆ. ವರ್ಷಗಟ್ಟಲೆ ನಿನ್ನ ಕೈ ಕಾಣದೆ, ಬರೀ ನೆನಪಿನಿಂದ, ವರ್ಷಕ್ಕೊಂದು ಬೆರಳು ಮಾಡುತ್ತಾ ಬಂದಿದ್ದಾಳೆ. ಕಡೆಯದು ಎಡಗೈಯ ಉಂಗುರದ ಬೆರಳು. ಅಲ್ಲಿಗೆ ನಿಂತಿದೆ. ಎಡಗೈ ಕಿರುಬೆರಳಿಗೆ ಇಲ್ಲ.

ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ಅವಳ ಪಕ್ಕದ ಕುರ್ಚಿಯಲ್ಲೇ ಕೂತು, ಒಂಬತ್ತು ಸಲ ಅವಳು ಇದನ್ನು ಮಾಡುವುದನ್ನು ನೋಡಿ, ಒಂದು ಸಲವೂ ನೋಡಲಿಲ್ಲ.

ಬಾಟಲಿಯಲ್ಲಿ ಇರುವ ಬಣ್ಣ ಮುದಿಯಾಗುತ್ತದೆ ದಿಯೆಪ್. ಹಚ್ಚಿ ಒಣಗಿದ ಬಣ್ಣ ಆಗುವುದಿಲ್ಲ. ಆದ್ದರಿಂದ ನನ್ನ ಮಾತು ಕೇಳು. ಮದುವೆಯ ದಿನ ಬೆಳಿಗ್ಗೆ ಈ ಒಂಬತ್ತನ್ನು ಅಂಟಿಸಿಕೋ. ಸಣ್ಣ ಡಬ್ಬಿಯಲ್ಲಿ ಹತ್ತಿಯ ಮೇಲೆ ವರ್ಷದ ಪ್ರಕಾರ ಇಟ್ಟಿದ್ದೇನೆ. ನಿನ್ನ ಉಗುರನ್ನು ಮೆಲ್ಲಗೆ ಉಜ್ಜಿ, ಒರೆಸಿ, ಉಗುರಿನ ಗೋಂದೇ ಹಚ್ಚು, ಮನೆಯಲ್ಲಿ ಬೂಟು ಅಂಟಿಸುವ ಗೋಂದು ಬೇಡ. ಬುಡದಿಂದ ಒರಗಿಸಿ ಒತ್ತಿದರೆ ಗಾಳಿ ಸೇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಬಿಸಿನೀರಿಗೆ ಎಣ್ಣೆ ಹಾಕಿ ಕೈ ಅದ್ದಿಕೊಂಡು ಕೂತಿದ್ದರೆ ತಾವೇ ಬಿಡುತ್ತವೆ, ಎಳೆಯಬೇಡ. ರಿಮೂವರ್ ಮಾತ್ರ ಹತ್ತಿರ ತರಬೇಡ, ಒಂದು ಸಲ ಒರೆಸಿದರೆ ಸಾಕು, ಅವಳ ಕೆಂಪು ಹತ್ತಿಗೆ ಹೋಗಿಬಿಡುತ್ತದೆ. ಬಾಟಲಿಗಳನ್ನು ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವನ್ನು ತೆರೆಯಬೇಡ. ಫೋಟೋ ಇಟ್ಟ ಹಾಗೆ ಇಟ್ಟುಕೋ. ಇದು ಇಡೀ ಅಮೆರಿಕದಲ್ಲಿ ಈ ವಿಷಯ ಬಲ್ಲ ಒಬ್ಬನೇ ಮನುಷ್ಯನ ಸಲಹೆ.

ಮೂರು ವರ್ಷದ ಸೂತಕ ಕಳೆದಿದೆ, ಇನ್ನು ಕೆಂಪು ತೊಡಲು ಅಡ್ಡಿಯಿಲ್ಲ. ಅವತ್ತು ಬೆಳಿಗ್ಗೆ ನಾನೂ ಇಲ್ಲಿ ನಿನ್ನ ಅಮ್ಮನ ಪಟದ ಮುಂದೆ ಊದುಬತ್ತಿ ಹಚ್ಚಿ, ಕೆಂಪನ್ನ ಇಟ್ಟು, ಹೆಣ್ಣು ಕೊಟ್ಟ ಸುದ್ದಿ ಹೇಳುತ್ತೇನೆ. ನಿಮ್ಮಿಬ್ಬರ ಬಾಳು ಆ ಕೆಂಪನ್ನದ ಅಗುಳಿನ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಇರಲಿ. ಎಲಿಯಟ್‌ಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಕೋಪ ಬಂದಾಗ ಎದುರು ನಿಂತು ನಗಬಾರದು ಎಂದೂ ತಿಳಿಸು.

ನಿನ್ನ ಒಳ್ಳೆಯದನ್ನೇ ಬಯಸುವ
ಐದನೇ ಮಾವ

ತಾ.ಕ.: ಬಿಕ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾಳೆ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನೀನು ಡಬ್ಬಿ ತೆರೆದೇ ತೆರೆಯುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಅಮ್ಮನ ನೂರನೆಯ ದಿನದ ಊಟಕ್ಕೆ ನೆಂಟರೆಲ್ಲ ಬಂದಿದ್ದರು, ನಿನಗೆ ಬರಲಾಗಿರಲಿಲ್ಲ. ಡ್ರಾಯರ್ ಎಳೆದು ತೋರಿಸಿದೆ. ಬಣ್ಣ ಗಟ್ಟಿಯಾಗತೊಡಗಿತ್ತು. ಥಿನ್ನರ್ ತೀರಿತ್ತು, ಸಾಮಾನಿನ ಅಂಗಡಿ ಹತ್ತೇ ನಿಮಿಷದ ದಾರಿ. ಆದರೆ ಎಲ್ಲರೂ ನೋಡುತ್ತಿದ್ದರು, ನಾನು ಜಾಣ್ಮೆ ತೋರಿಸಬೇಕಿತ್ತು. ಥಿನ್ನರ್ ಬದಲು ರಿಮೂವರ್ ಬಿಟ್ಟೆ. ಈ ಕಸುಬಿಗೆ ಬಂದ ಮೊದಲ ದಿನವೇ, ಇದೊಂದು ಮಾಡಬೇಡ ಎಂದು ನಿನ್ನ ಅಮ್ಮ ನನ್ನ ಕೈ ಮೇಲೆ ಹೊಡೆದು ಹೇಳಿದ್ದಳು. ಅವತ್ತು ಹೊಸದರ ಹಾಗೆ ಹೊಳೆಯಿತು, ಎಲ್ಲರೂ ಭೇಷ್ ಎಂದರು. ತಿಂಗಳೊಳಗೆ ಒಡೆದ ಹಾಲಾಯಿತು. ತಳದಲ್ಲಿ ಇಟ್ಟಿಗೆ ಪುಡಿ, ಮೇಲೆ ಕಂದು ನೀರು. ಮೂರು ವರ್ಷದಿಂದ ಹೊಸೆಯುತ್ತಿದ್ದೇನೆ, ಒಂದಾಗುವುದಿಲ್ಲ. ಫೋನಿನಲ್ಲಿ ನಿಜ ಹೇಳಬೇಕೆಂದೇ ಬಾಯಿ ತೆರೆದೆ. ‘ಒಂದು’ ಎನ್ನುತ್ತಿದ್ದಂತೆ ನೀನು, ‘ಯಾವ ವರ್ಷದ್ದು ಮಾವ?’ ಎಂದೆ. ಬಾಯಿಗೆ ಬಂದ ವರ್ಷ ಹೇಳಿದೆ. ಆ ಒಂದು ವರ್ಷಕ್ಕೇ ನೀನು ಅಷ್ಟು ಹೊತ್ತು ಅತ್ತೆ. ಮುಂದಿನದನ್ನು ಹೇಳಲು ನನ್ನಿಂದ ಆಗಲಿಲ್ಲ. ಒಂದಲ್ಲ ಮಗಳೇ. ಒಂಬತ್ತು.